ಕಲ್ಲು ಜಾರಿಸಿದ ಪಡವಲಕಾಯಿ

ದುಂಡಮ್ಮನ ಹಿತ್ತಲ ಚಪ್ಪರದಲ್ಲಿ ಬೀಜಕ್ಕೆಂದು ಉಳಿಸಿದ್ದ ಒಂದು ಮುದಿ ಪಡವಲಕಾಯಿ ತೂಗುತ್ತಿತ್ತು. ಅದರ ಜೊತೆಗಾತಿ ಸಾರಿನ ಪಾಲಾಗಿ ವಾರವಾಗಿತ್ತು. ಇನ್ನು ಅದಕ್ಕೆ ಉಳಿದದ್ದು ಎರಡೇ ಕೆಲಸ. ಹೊಟ್ಟೆಯೊಳಗಿನ ಬೀಜ ಬಲಿಯುವ ತನಕ ಬೀಳದೆ ಇರುವುದು, ಪಕ್ಕದ ಎಳೆಗಾಯಿಗೆ ಬುದ್ಧಿ ಹೇಳುವುದು.

ಆ ಎಳೆಗಾಯಿ ನೆಟ್ಟಗೆ ಬೆಳೆಯಲಿ ಎಂದು ದುಂಡಮ್ಮ ತುದಿಗೆ ಕಲ್ಲು ಕಟ್ಟಿದ್ದಳು. ಅದು ನುಲಿದು ನುಲಿದು ಕಲ್ಲನ್ನೇ ಜಾರಿಸಿ ಬೀಳಿಸಿತ್ತು.

"ನನ್ನ ನೋಡು," ಎಂದಿತು ಮುದಿಯದು. "ಕಲ್ಲು ಹೊತ್ತೆ, ಗೆರೆ ಎಳೆದ ಹಾಗೆ ಬೆಳೆದೆ. ನೀನೇನು ಪಡವಲವೋ, ಜಿಲೇಬಿಯೋ?"

"ಪಡವಲವೇ ಅಜ್ಜ. ಸುತ್ತಿಕೊಂಡರೆ ನನಗೆ ಹಾಯಾಗಿರುತ್ತೆ," ಎನ್ನುತ್ತ ಎಳೆಯದು ಚಪ್ಪರದ ಬಿದಿರಿಗೆ ಒಂದು ಸುತ್ತು, ಅಜ್ಜನ ಸೊಂಟಕ್ಕೆ ಒಂದು ಸುತ್ತು ಹಾಕಿತು.

"ಥೂ, ಬಿಡೋ! ನಮ್ಮ ವಂಶದಲ್ಲೇ ಯಾರೂ ಹೀಗೆ ಮೈಮೇಲೆ ಬಿದ್ದವರಲ್ಲ."

ಸಂಜೆ ಜೋರು ಗಾಳಿ ಎದ್ದಿತು. ಮುದಿ ಪಡವಲದ ಒಣಗಿದ ತೊಟ್ಟು ಚಟ್ಟೆಂದು ಅರ್ಧ ಸೀಳಿತು. ಈಗ ಬಿದ್ದರೆ ಬೀಜವೆಲ್ಲ ಎಳಸಾಗಿಯೇ ಕೊಳೆತುಹೋಗುತ್ತದೆ ಎಂದು ಅದು ಕಣ್ಣು ಮುಚ್ಚಿಕೊಂಡಿತು. ಆದರೆ ಬೀಳಲಿಲ್ಲ. ಸೊಂಟದ ಸುತ್ತು ಬಿಗಿಯಾಗಿ ಹಿಡಿದಿತ್ತು.

"ಅಲುಗಾಡಬೇಡ ಅಜ್ಜ," ಎಂದಿತು ಎಳೆಯದು.

ಗಾಳಿ ನಿಂತಿತು. ಎಳೆಯದು ಮೆಲ್ಲಗೆ ಕೇಳಿತು, "ನಿನಗೆ ಮುಜುಗರವಾದರೆ ಹೇಳು, ನೆಟ್ಟಗಾಗುತ್ತೇನೆ."

"ಬೇಡ, ಬೇಡ!" ಎಂದಿತು ಮುದಿಯದು. ಆಮೇಲೆ ಗಂಟಲು ಸರಿಮಾಡಿಕೊಂಡಿತು. "ಎದೆಯ ಹತ್ತಿರವೂ ಒಂದು ಸುತ್ತಿಗೆ ಜಾಗ ಇದೆ ನೋಡು, ಮಗಾ."