ತಿರುಗಿ ಬಾರದ ಹಾಡು

ಶಿಷ್ಯ ಕೇಳಿದ: "ಗುರುಗಳೇ, ತಮಾಷೆಯ ಮಾತು ಯಾವುದು, ಚುಚ್ಚುವ ಮಾತು ಯಾವುದು ಎಂದು ಗುರುತಿಸುವುದು ಹೇಗೆ? ನಮ್ಮ ಮೊಬೈಲ್ ಗುಂಪಿನಲ್ಲಿ ಒಬ್ಬ ಗೆಳೆಯನನ್ನು ಎಲ್ಲರೂ ರೇಗಿಸುತ್ತಿದ್ದೆವು. ಬೈಗುಳ ಒಂದೂ ಇರಲಿಲ್ಲ. ಅವನೂ ನಗುಮುಖದ ಚಿತ್ರ ಹಾಕುತ್ತಿದ್ದ. ನಿನ್ನೆ ಗುಂಪು ಬಿಟ್ಟು ಹೋದ. ಫೋನ್ ಮಾಡಿದರೆ ಎತ್ತುತ್ತಿಲ್ಲ."

ಗುರುಗಳು ಹೇಳಿದರು:

ಒಬ್ಬ ಗಾಣಿಗನ ಮಗಳ ಮದುವೆ. ಗಂಡಿನ ಕಡೆಯವರು ಊಟದ ಪಂಕ್ತಿಯಲ್ಲಿ ಕುಳಿತಿದ್ದರು. ಹೆಣ್ಣಿನ ಕಡೆಯ ಹೆಂಗಸರು ಬೀಗರ ಹಾಡು ಶುರು ಮಾಡಿದರು. ಬೀಗರನ್ನು ಹಾಡಿನಲ್ಲೇ ಆಡಿಕೊಳ್ಳುವುದು, ಬೀಗರು ಹಾಡಿನಲ್ಲೇ ತಿರುಗೇಟು ಕೊಡುವುದು ಆ ಊರಿನ ಪದ್ಧತಿ. ಹಾಡು ಕಟ್ಟುವುದರಲ್ಲಿ ಒಬ್ಬ ಮುದುಕಿ ಎತ್ತಿದ ಕೈ. ಅವಳು ಬೀಗರ ಹೊಟ್ಟೆಯನ್ನು ಹಾಡಿದಳು. ಬೀಗರು ಗಾಣಿಗನ ಜಿಪುಣತನವನ್ನು ಹಾಡಿದರು. ಬಡಿಸುವವರು ಬಡಿಸುವುದನ್ನೇ ಮರೆತು ನಕ್ಕರು.

ಆಮೇಲೆ ಮುದುಕಿಯ ಕಣ್ಣು ವರನ ಅಕ್ಕನ ಮೇಲೆ ಬಿತ್ತು.

"ಹಪ್ಪಳ ಮುರಿದರೆ ಸದ್ದುಂಟು, ನಮ್ಮ ಬೀಗಿತ್ತಿ ಬಾಯಿಗೆ ಸದ್ದಿಲ್ಲ."

ಆ ಅಕ್ಕನಿಗೆ ಉಗ್ಗು. ಮುದುಕಿಗೆ ಅದು ತಿಳಿಯದು. ಅಕ್ಕ ನಕ್ಕಳು. ಹೆಂಗಸರು ಅದನ್ನೇ ಮತ್ತೆ ಹಾಡಿದರು. ಮತ್ತೆ ನಕ್ಕಳು. ಮೂರನೆಯ ಸಲ ಹಾಡಿದಾಗಲೂ ನಗುತ್ತಲೇ, ಎಲೆಯ ಮೇಲಿನ ಹೋಳಿಗೆ ಮುಟ್ಟದೆ ಏಳಲು ಹೊರಟಳು.

ಮುದುಕಿ ಹಾಡು ನಿಲ್ಲಿಸಿದಳು. ಆ ಅಕ್ಕನೂ ನಗುತ್ತಿದ್ದಾಳಲ್ಲ, ನಿಲ್ಲಿಸಿದ್ದೇಕೆ ಎಂದು ಪಕ್ಕದವಳು ಕೇಳಿದಳು.

"ನಗು ಬಂತು ಕಣೇ, ಹಾಡು ತಿರುಗಿ ಬರಲಿಲ್ಲ. ಮೂರು ಸಲ ನಾವೇ ಹಾಡಿದೆವು. ಇದು ಬೀಗರ ಹಾಡಲ್ಲ."

ಹೀಗೆಂದು ಮುದುಕಿ ಮೊಣಕಾಲು ಹಿಡಿದುಕೊಂಡು ಎದ್ದಳು. ಬೀಗರ ಪಂಕ್ತಿಗೆ ಹೋಗಿ ಆ ಅಕ್ಕನ ಪಕ್ಕ ಕುಳಿತಳು. ತನ್ನ ಕಡೆಯವರತ್ತ ತಿರುಗಿ ತನ್ನ ಮೇಲೆಯೇ ಹಾಡು ಎತ್ತಿದಳು: "ಹಾಡುವ ಮುದುಕಿಗೆ ಹಲ್ಲೊಂದೂ ಇಲ್ಲ." ಅಷ್ಟಕ್ಕೆ ನಿಲ್ಲಿಸಿ, ಅಕ್ಕನ ಮುಖ ನೋಡುತ್ತ ಕಾದಳು.

ಅಕ್ಕ ಹಾಡಿದಳು: "ಹಪ್ಪಳ ಮಾತ್ರ ನಾಲ್ಕು ಬೇಕಂತೆ."

ಹಾಡಿನಲ್ಲಿ ಅವಳ ನಾಲಿಗೆ ಎಲ್ಲೂ ತೊಡರಲಿಲ್ಲ. ಎಲ್ಲರಿಗಿಂತ ಜೋರಾಗಿ ನಕ್ಕವಳು ಮುದುಕಿಯೇ. ಆಮೇಲೆ ಆ ಅಕ್ಕ ಬಿಡಲಿಲ್ಲ. ಗಾಣಿಗನನ್ನು, ಗಾಣದ ಎತ್ತನ್ನು, ಅಡುಗೆಯವನ ಉಪ್ಪನ್ನು ಸಾಲಾಗಿ ಹಾಡಿದಳು. ಹೋಳಿಗೆಯನ್ನೂ ಎರಡು ಸಲ ಹಾಕಿಸಿಕೊಂಡಳು. ಹೆಣ್ಣಿನ ಕಡೆಯವರು ಸೋತು ಸುಣ್ಣವಾದರು. ಸೋತವರ ಸಂತೋಷವೇ ಹೆಚ್ಚು.

ಶಿಷ್ಯನಿಗೂ ನಗು ತಡೆಯಲಾಗಲಿಲ್ಲ. ಆ ಮುದುಕಿ ಬಹಳ ಜಾಣೆ ಎಂದ.

ಗುರುಗಳು ನಗುತ್ತಲೇ ಹೇಳಿದರು: "ಅಷ್ಟು ವಯಸ್ಸಿನಲ್ಲಿ ಅವಳು ಎದ್ದು ಆಚೆ ಪಂಕ್ತಿಗೆ ನಡೆದಳು, ನೀನು ಗೆಳೆಯನ ಪರವಾಗಿ ಮೊಬೈಲಿನ ಮೇಲೆ ಒಂದು ಬೆರಳು ಆಡಿಸಿದ್ದರೆ ಸಾಕಿತ್ತಲ್ಲಪ್ಪ."