ಗೊರವಂಕನ ಹಿತ್ತಲು

ಸಿಹಿನೀರಿನ ಬಾವಿ, ಮನೆಯ ನಿವೇಶನ, ಹಿಂದೆ ಅರ್ಧ ಎಕರೆ ಹಿತ್ತಲು: ಇಷ್ಟಕ್ಕೂ ಬೆಲೆ ಐದು ಸಂಪಿಗೆ ಗಿಡ. ನಮ್ಮ ಮಾದಲಗೆರೆ ಪೇಟೆಯಲ್ಲಿ ಇದಕ್ಕಿಂತ ವಿಚಿತ್ರವಾದ ವ್ಯವಹಾರ ನಡೆದದ್ದನ್ನು ನಾನು ಕೇಳಿಲ್ಲ. ಆ ಜಾಗ ಇಂದಿಗೂ ದೇವಿಗುಡಿಯ ಬೀದಿಯ ತುದಿಯಲ್ಲಿದೆ. ಹೆಸರು ಗೊರವಂಕನ ಹಿತ್ತಲು. ಹೊಸಬರು ನನ್ನ ಅಂಗಡಿಗೆ ಬಂದು, 'ಗೊರವಂಕ ಅಂದರೆ ಯಾರು, ನಿಮ್ಮ ಕಡೆಯವರೇ?' ಎಂದು ಕೇಳುತ್ತಾರೆ. ಅಲ್ಲ, ಅದು ಹಕ್ಕಿ. ಹಳದಿ ಕೊಕ್ಕಿನ ಜಗಳಗಂಟ ಹಕ್ಕಿ.

ಹಿಂದೆ, ಪೇಟೆಗೆ ಇನ್ನೂ ಕೋಟೆಬಾಗಿಲಿದ್ದ ಕಾಲದಲ್ಲಿ, ಗಿರಿಯಮ್ಮ ನಾಗತಿ ಎಂಬಾಕೆ ಇಲ್ಲಿ ಆಳುತ್ತಿದ್ದಳಂತೆ. ದೇವಿಗೆ ಹೂ ಕೊಡುತ್ತಿದ್ದ ಒಂದೇ ಒಂದು ಸಂಪಿಗೆ ಮರಕ್ಕೆ ಪೊಳ್ಳು ಹಿಡಿದಿತ್ತು. ಅದು ಬೀಳುವ ಮೊದಲು ಹೊಸ ಗಿಡ ಏಳಬೇಕೆಂಬುದು ಆಕೆಯ ಚಿಂತೆ. ಆಗ ಧಾನ್ಯದ ವ್ಯಾಪಾರಿ ಬಂಕಣ್ಣ ಶೆಟ್ಟಿ ನೆಲೆಗೆ ಜಾಗ ಕೇಳಿದ. ನಾಗತಿ ಕೊಟ್ಟಳು, ಶರತ್ತೂ ಹಾಕಿದಳು. ಮೂರು ವರ್ಷದೊಳಗೆ ಹಿತ್ತಲಲ್ಲಿ ಐದು ಸಂಪಿಗೆ ಆಳೆತ್ತರ ಬೆಳೆದಿರಬೇಕು. ಇಲ್ಲವಾದರೆ ಜಾಗವೂ ಹಿಂದಕ್ಕೆ, ಅದರ ಮೇಲೆ ಕಟ್ಟಿದ ಮನೆಯೂ ಹಿಂದಕ್ಕೆ. ಶೆಟ್ಟಿ ನಕ್ಕು ಒಪ್ಪಿದ. ಇದ್ದಬದ್ದದ್ದೆಲ್ಲ ಹಾಕಿ ಮನೆ ಕಟ್ಟಿಸಿದ.

ಮಳೆಗಾಲ ಮುಗಿದು ಕಾಯಿ ಒಡೆದಾಗ ಅವನು ಮೊರದ ತುಂಬ ಕೆಂಪು ಬೀಜ ಆಯ್ದು ತಂದ. ಧಾನ್ಯದವನಲ್ಲವೇ? ಹಸಿ ಸರಕು ಬೂಸಲು ಹಿಡಿಯುತ್ತದೆಂದು ಎಂಟು ದಿನ ಬಿಸಿಲಿಗೆ ಹರವಿದ, ಗಲಗಲ ಎನ್ನುವವರೆಗೆ ಒಣಗಿಸಿದ, ಬೂದಿ ಬೆರೆಸಿ ಗುಡಾಣದಲ್ಲಿಟ್ಟ. ಯುಗಾದಿ ಕಳೆದ ಮೇಲೆ ಒಳ್ಳೆಯ ದಿನ ನೋಡಿ ಬಿತ್ತಿದ. ಒಂದೂ ಮೊಳೆಯಲಿಲ್ಲ. ನಾನಾಗಿದ್ದರೂ ಹಾಗೆಯೇ ಮಾಡುತ್ತಿದ್ದೆ. ಒಂದು ವರ್ಷ ಹಾಗೇ ಹೋಯಿತು. ಒಂದು ಬೆಳಿಗ್ಗೆ ನೀರಿಗೆ ಬಂದ ಹೂವಾಡಗಿತ್ತಿ ಮುದ್ದಕ್ಕ ಬಾವಿಕಟ್ಟೆಯ ಬೇವಿನಡಿ ಕೊಡ ಇಳಿಸಿ ಕೂಗಿದಳಂತೆ: "ಸಾವ್ಕಾರ್ರೇ, ಬನ್ನಿ ಇಲ್ಲಿ! ನಿಮ್ಮ ಗಿಡ ಇಲ್ಲಿ ಅದಾವೆ." ಗೊರವಂಕಗಳು ಕೂರುವ ಕೊಂಬೆಯ ಕೆಳಗೆ, ಹಿಕ್ಕೆಯ ನಡುವೆ, ಏಳು ಸಂಪಿಗೆ ಸಸಿಗಳು!

"ನಾನು ಬಿತ್ತಿದ್ದು ಆ ಕಡೆಯಲ್ಲವೇ?" ಎಂದ ಶೆಟ್ಟಿ.

"ನೀವು ಬಿತ್ತಿದ್ದು ಹೆಣ. ಸಂಪಿಗೆ ಬೀಜ ಏನು ಕೊತ್ತಂಬರಿಯಾ, ಒಣಗಿಸಿ ಮೂಟೆ ಕಟ್ಟೋಕೆ? ಹಕ್ಕಿ ನೋಡಿ, ಕೆಂಪು ಸಿಪ್ಪೆ ತಾನು ತಿಂತು, ಬೀಜಾನ ಹಸೀದಾಗೇ ನೆಲಕ್ಕೆ ಹಾಕ್ತು. ನಿಮಗಿಂತ ಅದೇ ಜಾಣ."

ಶೆಟ್ಟಿ ಬೈಗುಳವನ್ನು ನುಂಗಿ ಬುದ್ಧಿಯನ್ನು ಇಟ್ಟುಕೊಂಡ. ತೆಂಗಿನ ಗರಿಯ ನೆರಳು ಕಟ್ಟಿದ, ಆಡು ಬಾರದಂತೆ ಜಾಲಿಮುಳ್ಳು ಸುತ್ತಿದ, ಬುಡಕ್ಕೆ ತರಗೆಲೆ ಹೊದಿಸಿ ದಿನವೂ ತಾನೇ ನೀರು ಹೊಯ್ದ. ಬೇಸಗೆಯ ಬಿಸಿಲಿಗೆ ಎರಡು ಸತ್ತವು, ಐದು ಉಳಿದವು. ಗಡುವಿನ ದಿನ ನಾಗತಿ ಬಂದು ನಿಂತಾಗ ನಾಲ್ಕು ತಲೆಯೆತ್ತಿ ನಿಂತಿದ್ದವು, ಐದನೆಯದು ಅವಳ ಭುಜಕ್ಕೂ ಬರಲಿಲ್ಲ. "ಇದು ಆಳೆತ್ತರವೇ ಶೆಟ್ಟಿ?" ಎಂದಳು. ಶೆಟ್ಟಿ, "ತಾಯಿ, ಯಾವ ಆಳು ಎಂದು ತಾವು ಹೇಳಿರಲಿಲ್ಲ" ಎಂದು ಮುದ್ದಕ್ಕನನ್ನು ಕರೆದು ಗಿಡದ ಪಕ್ಕ ನಿಲ್ಲಿಸಿದ. ಅವಳು ಬಲು ಕುಳ್ಳಿ. ಕುಡಿ ಅವಳ ನೆತ್ತಿಯನ್ನು ದಾಟಿತ್ತು. "ಯಾಕವ್ವ, ನಾನು ಆಳಲ್ಲವಾ?" ಎಂದು ಅವಳು ಸೊಂಟಕ್ಕೆ ಕೈಯಿಟ್ಟಳು. ನಾಗತಿ ನಕ್ಕುಬಿಟ್ಟಳು ಎನ್ನುತ್ತಾರೆ. ಕೆಲವರು, ನಗಲಿಲ್ಲ, ಸುಮ್ಮನೆ ತಿರುಗಿ ಹೋದಳು ಎನ್ನುತ್ತಾರೆ. ಹೇಗೂ ಜಾಗ ಉಳಿಯಿತು.

ಈಗ ಹೋದವರಿಗೆ ಆ ಐದರಲ್ಲಿ ಮೂರು ಮರ ಕಾಣುತ್ತವೆ, ಒಂದೊಂದೂ ಇಬ್ಬರ ತೆಕ್ಕೆಗೆ ಸಿಗದಷ್ಟು ದಪ್ಪ. ಕಾಯಿ ಒಡೆಯುವ ತಿಂಗಳಲ್ಲಿ ಕೊಂಬೆಗಳ ಮೇಲೆ ಗಲಾಟೆಯೋ ಗಲಾಟೆ. ಕೆಳಗೆ ತಾನಾಗಿ ಎದ್ದ ಸಸಿಗಳನ್ನು ಪೇಟೆಯವರು ಕಿತ್ತು ತಮ್ಮ ಹಿತ್ತಲಿಗೆ ಒಯ್ಯುತ್ತಾರೆ, ಯಾರೂ ಕೇಳುವುದಿಲ್ಲ. ಆ ವ್ಯವಹಾರದಲ್ಲಿ ಶೆಟ್ಟಿಗೆ ಮನೆ, ಬಾವಿ, ಹಿತ್ತಲು ದಕ್ಕಿದವು. ದೇವಿಗೆ ಹೂ ತಪ್ಪಲಿಲ್ಲ. ಮುದ್ದಕ್ಕನಿಗೆ ಬದುಕಿರುವವರೆಗೂ ಮೊದಲ ಬುಟ್ಟಿ ಹೂ. ಹಕ್ಕಿಗೆ ಹೆಸರು.