ಬಟ್ಟೆ ಹೊದ್ದ ಟಿವಿಯ ಕೆಳಗೆ

ಮಗಳ ಪರೀಕ್ಷೆ ಮುಗಿಯುವವರೆಗೆ ಯಾರೂ ನೋಡಬಾರದೆಂದು ಜೆಸಿಂತಾಬಾಯಿ ಟಿವಿಗೆ ಬಟ್ಟೆ ಹೊದಿಸಿದರು. ಮಗಳು ಲವೀನಾ ಮೊದಲ ಸಲ ಹಾಡಿದ್ದ ಕಾರ್ಯಕ್ರಮ ಅಂದೇ ಸಂಜೆ ಪ್ರಸಾರವಾಗುವುದಿತ್ತು. “ಆಮೇಲೆ ನೋಡಿದರಾಯಿತು” ಎಂದರು ತಾಯಿ.

ಸಂಜೆಯಾಗುತ್ತಲೇ, ಟಿವಿಯ ಕೆಳಗಿದ್ದ, ತಿಂಗಳ ಚಂದಾಹಣ ಕೇಳದ ಹಳೆಯ ರೆಕಾರ್ಡರ್ ಆ ಹಾಡನ್ನು ತನ್ನೊಳಗೆ ತುಂಬಿಕೊಳ್ಳತೊಡಗಿತು. ಪಕ್ಕದ ಇಂಟರ್ನೆಟ್ ಪೆಟ್ಟಿಗೆ ನಕ್ಕಿತು: “ಈ ಸೆಕೆಯಲ್ಲಿ ಯಾಕೆ ಒದ್ದಾಡುತ್ತೀ ಅಜ್ಜಾ? ಮುಗಿದ ಕಾರ್ಯಕ್ರಮಗಳೆಲ್ಲ ನನ್ನ ಕೈಯಲ್ಲಿವೆ. ಕೇಳಿದಾಗ ಕೊಡುತ್ತೇನೆ.”

“ನಿನ್ನ ಕೈಯಲ್ಲಲ್ಲ ತಮ್ಮಾ, ಚಾನೆಲ್‌ನವರ ಕೈಯಲ್ಲಿ,” ಎಂದಿತು ರೆಕಾರ್ಡರ್.

ಪರೀಕ್ಷೆ ಮುಗಿದು ಬಟ್ಟೆ ಸರಿದಾಗ ಇಂಟರ್ನೆಟ್ ಪೆಟ್ಟಿಗೆ ಎಲ್ಲೆಡೆ ಹುಡುಕಿತು. “ಚಾನೆಲ್‌ನವರು ಅದನ್ನು ತೆಗೆದುಹಾಕಿದ್ದಾರೆ,” ಎಂದು ತೊದಲಿತು. ಲವೀನಾಳ ಕಣ್ಣು ತುಂಬಿತು.

“ಎಲ್ಲರನ್ನೂ ಕರೆದುಕೊಂಡು ಬಾ ಮಗಾ,” ಎಂದಿತು ರೆಕಾರ್ಡರ್. “ನಿನ್ನ ಹಾಡು ಮನೆಯಲ್ಲೇ ಇದೆ.”